ಕೀಬೋರ್ಡಿನ ಮೇಲಿನ ಟಿಕಳಿ

ಅವರ ಮುಖದ ತುಂಬ ಮೈಲಿಬೇನೆಯ ಕುಳಿಗಳಿದ್ದವು. ಹಣೆಯಿಂದ ಗದ್ದದವರೆಗೆ ಒಂದು ಬೆರಳಿಡುವಷ್ಟು ಜಾಗವೂ ನುಣುಪಾಗಿರಲಿಲ್ಲ. ಮೂಗಿನ ತುದಿಯಲ್ಲಂತೂ ಎರಡು ಕುಳಿ ಕೂಡಿ ಒಂದಾಗಿ, ಬೇಸಿಗೆಯಲ್ಲಿ ಅಲ್ಲೊಂದು ಬೆವರಿನ ಹನಿ ನಿಂತೇ ಇರುತ್ತಿತ್ತು. ಅದನ್ನು ತೋರುಬೆರಳಿನಿಂದ ಒರೆಸಿ, ಬೆರಳನ್ನು ಅಂಗಿಗೆ ಉಜ್ಜಿ, ಮತ್ತೆ ಕೀಬೋರ್ಡಿನ ಮೇಲಿಡುತ್ತಿದ್ದರು. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಫೋಟೋ ಸ್ಟುಡಿಯೋ. ಊರೆಲ್ಲ ಅವರನ್ನು ಫೋಟೋ ಕಾಕಾ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ತಾಲ್ಲೂಕಿನ ಮೊಡವೆ, ಮಚ್ಚೆ, ಕಲೆಗಳನ್ನೆಲ್ಲ ಅಳಿಸಿದ ಮನುಷ್ಯನ ಮುಖ ಹೀಗಿತ್ತು ಎಂದರೆ ನೋಡದವರು ನಂಬುವುದಿಲ್ಲ.

ನಮ್ಮ ತವರುಮನೆ ಅವರ ಸ್ಟುಡಿಯೋದ ಹಿಂದಿನ ಓಣಿಯಲ್ಲಿ. ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟಿನಿಂದ ಹಿಡಿದು ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕುವವರೆಗೆ ನನ್ನ ಮುಖ ಅವರ ಕೈಯಲ್ಲೇ ತಯಾರಾಗಿದೆ. ತಯಾರಾಗಿದೆ ಅಂತಲೇ ಹೇಳಬೇಕು. ನಾನು ಕಪ್ಪು, ಗದ್ದದ ಮೇಲೊಂದು ದಪ್ಪ ಮಚ್ಚೆ. ಅವರ ಫೋಟೋದಲ್ಲಿ ಎರಡೂ ಇರುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ನಾನು ಹಲ್ಲು ಬಿಟ್ಟರೆ ಕ್ಯಾಮೆರಾದ ಹಿಂದಿನಿಂದ ಗದರುತ್ತಿದ್ದರು:

"ಸುಮ್ಮ ಕುಂದ್ರವ್ವಾ. ನಗೂದು ನಾ ಆಮ್ಯಾಲ ಹಾಕ್ತೇನಿ."

ನನ್ನನ್ನು ನೋಡಲು ಮೊದಲು ಬಂದ ಗಂಡಿನ ಕಡೆಯವರು ಸಿಂದಗಿ ತಾಲ್ಲೂಕಿನ ದೇವಣಗಾಂವದವರು. ಕಾಕಾ ಮಾಡಿಕೊಟ್ಟ ಫೋಟೋ ನೋಡಿ ಮೆಚ್ಚಿ, ಗಾಡಿ ಮಾಡಿಕೊಂಡು ಬಂದಿದ್ದರು. ನಾನು ಅವಲಕ್ಕಿ ತಂದಿಟ್ಟೆ. ಹುಡುಗನ ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ನಮ್ಮವ್ವನನ್ನು ಕೇಳಿದಳು: "ಇಕಿ ತಂಗೀನೇನ್ರಿ? ಫೋಟೋದಾಗಿನ ಹುಡುಗಿನ್ನ ಕರೀರಿ ಮತ್ತ." ಅವಲಕ್ಕಿ ಪೂರ್ತಿ ತಿಂದು ಎದ್ದು ಹೋದರು. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು. ಮರುದಿನ ಸ್ಟುಡಿಯೋಕ್ಕೆ ಹೋಗಿ ಜನರ ಮುಂದೆಯೇ ಜಗಳ ತೆಗೆದೆ. ಕಾಕಾ ತಲೆ ಎತ್ತಲಿಲ್ಲ. ಪರದೆಯ ಮೇಲೆ ಯಾರದೋ ಮುಖದ ಮೊಡವೆ ಒರೆಸುತ್ತಲೇ ಹೇಳಿದರು:

"ಫೋಟೋ ಅಂದ್ರ ಮಂದಿ ಹೆಂಗ ಅದಾರ ಅನ್ನೂದಲ್ಲವ್ವಾ, ಹೆಂಗ ಇರಬೇಕಂತಾರ ಅನ್ನೂದು. ಆ ಮುದುಕಿ ಕಣ್ಣಾಗ ಬ್ಯಾನಿ ಇದ್ರ ನಾ ಏನ ಮಾಡ್ಲಿ?"

ಹೀಗೆ ಹೇಳುವ ಮನುಷ್ಯನ ಮೇಲೆ ಎಷ್ಟು ಹೊತ್ತು ಸಿಟ್ಟಿರಲು ಸಾಧ್ಯ! ಚಹಾ ತರಿಸಿದರು, ಕುಡಿದು ಬಂದೆ. ಆಮೇಲೆ ಇಂಡಿ ಪಟ್ಟಣದವರೊಬ್ಬರು ಮಚ್ಚೆ ಸಹಿತ ನನ್ನನ್ನು ಒಪ್ಪಿದರು, ಅದು ಬೇರೆ ಮಾತು.

ಕಾಲ ಬದಲಾಯಿತು. ಎಲ್ಲರ ಕೈಗೂ ಫೋನು ಬಂದು ಸ್ಟುಡಿಯೋಕ್ಕೆ ಬಂದು ಕೂರುವವರು ಕಡಿಮೆಯಾದರು. ಆದರೆ ಕಾಕಾನ ಅಂಗಡಿಯ ಮುಂದಿನ ಸಾಲು ಮಾತ್ರ ಕರಗಲಿಲ್ಲ. ಫೋನಿನಲ್ಲಿ ತೆಗೆದ ಫೋಟೋವನ್ನು ಅರ್ಜಿ ತುಂಬುವ ಜಾಲತಾಣಗಳು ಒಲ್ಲೆ ಅನ್ನುತ್ತವಲ್ಲ! ಒಂದಕ್ಕೆ ಜೆಪಿಜಿಯೇ ಬೇಕು, ಇನ್ನೊಂದಕ್ಕೆ ಪಿಎನ್‌ಜಿ, ಹೊಸ ಫೋನಿನದಂತೂ ಯಾರಿಗೂ ಬೇಡದ ಮತ್ತೊಂದು ನಮೂನೆ. ನಾಲತವಾಡ, ತಾಳಿಕೋಟೆ ಕಡೆಯ ಹುಡುಗ ಹುಡುಗಿಯರು ಪೆಚ್ಚುಮೋರೆ ಹಾಕಿಕೊಂಡು ಬಂದು "ಕಾಕಾ, ಇದು ಅಪ್‌ಲೋಡ್ ಆಗವಲ್ದು" ಎಂದು ಫೋನು ಚಾಚುತ್ತಿದ್ದರು. ಈ ಜೆಪಿಜಿ ಅಂದರೇನು ಎಂದು ಒಮ್ಮೆ ನಾನೇ ಕೇಳಿದ್ದೆ.

"ಏನಿಲ್ಲವ್ವಾ. ಮನಿಶ್ಯಾ ಅವನ, ಅಂಗಿ ಬ್ಯಾರೆ. ಕಚೇರಿಯವ್ರು ಇಂಥಾ ಅಂಗೀನ ಹಾಕ್ಕೊಂಡು ಬಾ ಅಂತಾರ. ನಾ ಅಂಗಿ ಬದಲ ಮಾಡಿ ಕಳಸ್ತೇನಿ, ಅಷ್ಟ."

ಅಷ್ಟೇ ಮಾಡಿದ್ದರೆ ಒಳ್ಳೆಯದಿತ್ತು. ಅವರು ತಮ್ಮ ಕಂಪ್ಯೂಟರಿನಲ್ಲಿ ಒಂದು ಗುಂಡಿಗೆ ಎಲ್ಲ ಕೆಲಸವನ್ನೂ ಒಟ್ಟಿಗೆ ಕಲಿಸಿಟ್ಟಿದ್ದರು. ಅದನ್ನು ಒತ್ತಿದರೆ ಸಾಕು, ಚುಕ್ಕೆ ಕಲೆಗಳು ಅಳಿದು, ಮುಖ ಬೆಳ್ಳಗಾಗಿ, ಗೆರೆಗಳೆಲ್ಲ ನುಣ್ಣಗಾಗಿ, ಕೊನೆಗೆ ಫೋಟೋ ಜೆಪಿಜಿಯಾಗಿ ಹೊರಬರುತ್ತಿತ್ತು. ಆ ಗುಂಡಿಯ ಮೇಲೆ ಗುರುತಿಗೆಂದು ಅವರ ಹೆಂಡತಿ ಕಾಕುವಿನ ಕೆಂಪು ಟಿಕಳಿಯೊಂದನ್ನು ಅಂಟಿಸಿದ್ದರು. ಹೆಂಗಸರು ಹಣೆಗೆ ಹಚ್ಚುವ ಅದೇ ಟಿಕಳಿ. ಸವೆದು ಉದುರಿದರೆ ಕಾಕು ಮನೆಯಿಂದ ಹೊಸದನ್ನು ಕಳಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಮೊದಲಿನದನ್ನೂ ಈಗಿನದನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, ಗಿರಾಕಿಯ ಮೋರೆ ಅರಳುವುದನ್ನು ಓರೆಗಣ್ಣಿನಿಂದ ನೋಡುವುದು ಅವರಿಗೊಂದು ಚಟ. ನೋಡಿಸದೆ ಯಾರನ್ನೂ ಕಳಿಸುತ್ತಿರಲಿಲ್ಲ.

ಈಗ ಆ ದಿನದ ಮಾತು.

ಸಂತೆಯ ದಿನ, ಉರಿಬಿಸಿಲು. ನಾನು ರಜೆಗೆಂದು ತವರಿಗೆ ಬಂದಿದ್ದೆ. ನನ್ನ ತಮ್ಮ ಬೈಕಿನ ಮೇಲೆ ಎಪಿಎಂಸಿಯ ಕಡೆಯಿಂದ ಬರುವಾಗ ನಾಯಿ ಅಡ್ಡ ಬಂದು ಬಿದ್ದ. ಕೈ ತರಚಿತ್ತು, ಕಿವಿಯ ಮೇಲ್ಭಾಗದಲ್ಲಿ ಒಂದು ಬುಗುಟು. ತಾನೇ ಎದ್ದು, ತಾನೇ ಬೈಕು ನೂಕಿಕೊಂಡು ಮನೆಗೆ ಬಂದ. "ಏನೂ ಆಗಿಲ್ಲವ್ವಾ, ಊಟಕ್ಕ ಹಾಕು" ಎಂದು ಕೂತ. ಎರಡು ತುತ್ತು ತಿಂದು ವಾಂತಿ ಮಾಡಿಕೊಂಡ. ಅವ್ವ ಅಜೀರ್ಣ ಅಂದಳು. ನನಗೆ ಧೈರ್ಯ ಸಾಲಲಿಲ್ಲ, ಆಟೋ ಹತ್ತಿಸಿ ದವಾಖಾನೆಗೆ ಕರೆದೊಯ್ದೆ.

ಅಲ್ಲಿನ ಡಾಕ್ಟರು ಅವನ ಕಣ್ಣಿಗೆ ಟಾರ್ಚು ಹಿಡಿದು ನೋಡಿದರು. ತಲೆಯ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನಿನವರ ಪ್ರಿಂಟರು ಕೆಟ್ಟಿದ್ದರಿಂದ ಫಿಲ್ಮು ಸಿಗಲಿಲ್ಲ, ಒಂದು ಸಿಡಿ ಕೊಟ್ಟರು. ವರದಿ ಬರುವುದು ಸಂಜೆಗೆ. ಡಾಕ್ಟರು ವಿಜಯಪುರದ ಮೆದುಳಿನ ಸರ್ಜನ್‌ಗೆ ಫೋನು ಮಾಡಿ ಮಾತಾಡಿ, ನನ್ನ ಕಡೆ ತಿರುಗಿದರು.

"ನೋಡ್ರಿ ಮೇಡಂ, ಒಳಗ ರಕ್ತ ಸೋರಾಕತ್ತಿದ್ರ ಈಗಿಂದೀಗ ವಿಜಯಪುರಕ್ಕ ಒಯ್ಯಬೇಕು. ಇಲ್ಲಾಂದ್ರ ಸುಮ್ಮ ಆ ದಾರಿಯಾಗ ಕುಲುಕಿಸೂದು ಬ್ಯಾಡ, ಇಲ್ಲೇ ನೋಡ್ಕೋತೇವಿ. ಸರ್ ಫೋಟೋ ಕಳಸ್ರಿ ಅಂದಾರ. ಆದ್ರ ಈ ಸಿಡಿ ಹಾಕಾಕ ನನ್ನ ಲ್ಯಾಪ್‌ಟಾಪ್‌ನಾಗ ಜಾಗಾನ ಇಲ್ಲ. ಹಾಕಿದ್ರೂ ಇದರಾಗಿನ ಚಿತ್ರ ಫೋನಿನಾಗ ತೆರಿಯೂದಿಲ್ಲ. ಎಲ್ಲಿಯರ ಜೆಪಿಜಿ ಮಾಡಿಸ್ಕೊಂಡು ಬರ್ರಿ, ಲಗೂನ."

ಎಲ್ಲಿಗೆ ಎಂದು ನಾನು ಯೋಚಿಸಲೇ ಇಲ್ಲ, ಕಾಲುಗಳೇ ಒಯ್ದವು. ಸಂತೆಯ ಜನದ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಕಾಕಾ ಸಾಲಿನಲ್ಲಿದ್ದವರನ್ನೆಲ್ಲ ಬದಿಗೆ ಸರಿಸಿದರು. ಮದುವೆಯ ಸಿಡಿಗಳ ಕಾಲದ ಆ ಹಳೆಯ ಕಂಪ್ಯೂಟರು ಗುರ್ರೆಂದು ಸಿಡಿಯನ್ನು ನುಂಗಿತು. ಒಂದೊಂದೇ ಚಿತ್ರ ತೆರೆಯಿತು. ಬೂದು ಬಣ್ಣ, ಸುತ್ತ ಬಿಳಿಯ ಬುರುಡೆಯ ಬಳೆ. ನನ್ನ ತಮ್ಮನ ತಲೆಯ ಒಳಗು. ನೋಡಲಾರದೆ ನಾನು ಗೋಡೆಯ ಕಡೆ ಮುಖ ಮಾಡಿದೆ. ಹಿಂದೆ ಗುಂಡಿ ಒತ್ತುವ ಸದ್ದು ಮಾತ್ರ ಕೇಳುತ್ತಿತ್ತು. ಕಾಕಾನ ಕೈ ಎಷ್ಟು ಚುರುಕು ಅನ್ನುತ್ತೀರಿ! ನೋಡನೋಡುತ್ತ ಎಲ್ಲವೂ ಜೆಪಿಜಿಯಾದವು, ನನ್ನ ಫೋನಿಗೆ ಬಂದವು. ಅವತ್ತು ಅಕ್ಕಪಕ್ಕ ಇಟ್ಟು ನೋಡಲು ಯಾರಿಗಿತ್ತು ಪುರುಸೊತ್ತು?

"ಹೋಗವ್ವಾ, ಓಡು. ಏನೂ ಆಗೂದಿಲ್ಲ ಅವ್ನಿಗೆ" ಅಂದರು.

ದಾರಿಯಲ್ಲೇ ಅವನ್ನು ಡಾಕ್ಟರ ಫೋನಿಗೆ ಕಳಿಸಿದೆ, ದವಾಖಾನೆಗೆ ಮುಟ್ಟುವಷ್ಟರಲ್ಲಿ ಚಿತ್ರಗಳು ವಿಜಯಪುರಕ್ಕೆ ಹೋಗಿದ್ದವು. ಸ್ವಲ್ಪ ಹೊತ್ತಿಗೆ ಸರ್ಜನ್ನರ ಫೋನು ಬಂತು. ಈ ಚಿತ್ರಗಳಲ್ಲಿ ರಕ್ತ ಕಾಣುತ್ತಿಲ್ಲ, ಸದ್ಯ ಅಲ್ಲೇ ಇರಲಿ, ಸಂಜೆ ವರದಿ ಬಂದ ಮೇಲೆ ಮತ್ತೆ ನೋಡೋಣ ಅಂದರಂತೆ. ನಮ್ಮ ಡಾಕ್ಟರು ಅದನ್ನು ನನಗೆ ಹೇಳಿ, ಹೆರಿಗೆ ಕೋಣೆಯಿಂದ ಕರೆ ಬಂದಿದ್ದರಿಂದ ಆ ಕಡೆ ಓಡಿದರು. ನಾನು ಬೆಂಚಿನ ಮೇಲೆ ಕೂತು ಅವ್ವನಿಗೆ ಫೋನು ಹಚ್ಚಿ, ಏನೂ ಇಲ್ಲವಂತೆ ಎಂದು ಹೇಳಿ ಅತ್ತೆ. ತಮ್ಮ ಮಂಚದ ಮೇಲೆ ಮಲಗಿ, ತಲೆ ನೋಯುತ್ತದೆ, ನಿದ್ದೆ ಬರುತ್ತದೆ ಅನ್ನುತ್ತಿದ್ದ. ಮಲಗಲಿ ಬಿಡು ಅಂದುಕೊಂಡೆ.

ಆಗ ವರಾಂಡದ ಆ ತುದಿಯಿಂದ ಯಾರೋ ಕೂಗಿದಂತಾಯಿತು. ನೋಡಿದರೆ ಕಾಕಾ. ಕಾಲಲ್ಲಿ ಒಂದೇ ಚಪ್ಪಲಿ. ಅಂಗಿಯೆಲ್ಲ ಬೆವರಿನಿಂದ ಮೈಗೆ ಅಂಟಿತ್ತು, ಮುಖದ ಕುಳಿಗಳೆಲ್ಲ ತುಂಬಿ ಹೊಳೆಯುತ್ತಿದ್ದವು. ಕೈಯಲ್ಲಿ ಆ ಸಿಡಿ.

"ಡಾಕ್ಟರ್ ಎಲ್ಲಿ? ಡಾಕ್ಟರ್ ಎಲ್ಲಿ ಅದಾರವ್ವಾ?"

"ಯಾಕ್ರಿ ಕಾಕಾ? ಏನಿಲ್ಲ ಅಂತ ಹೇಳ್ಯಾರಲ್ರಿ."

"ನಂದು ತಪ್ಪಾಗೇತಿ." ಉಸಿರು ಸಿಗದೆ ಗೋಡೆ ಹಿಡಿದರು. "ನೀ ಹೋದ ಮ್ಯಾಲ ಎರಡೂ ಚಿತ್ರ ಬಾಜೂ ಬಾಜೂ ಇಟ್ಟು ನೋಡಿದೆ. ಕೈಗೆ ರೂಢಿ ನೋಡು. ಮೊದಲಿಂದರಾಗ ಎಲುವಿನ ಬುಡಕ ಒಂದು ಬೆಳ್ಳನ ಪಟ್ಟಿ ಐತಿ, ಹುಣಸಿಕಾಯಿ ಹಂಗ. ನಾ ಕಳಿಸಿದ್ದರಾಗ ಅದು ಇಲ್ಲ. ಟಿಕಳಿ ಗುಂಡಿ ಒತ್ತಿಬಿಟ್ಟೇನವ್ವಾ. ಮಾರಿ ಮ್ಯಾಲಿನ ಕಲಿ ಅಂತ ತಿಳ್ಕೊಂಡು ಅದು ಅಳಿಸೇತಿ. ಅದೇನಂತ ನನಗ ಗೊತ್ತಿಲ್ಲ. ಆದ್ರ ಇದ್ದದ್ದು ಇಲ್ಲ ಆಗೇತಿ."

ಅವರು ನನ್ನಪ್ಪನ ವಯಸ್ಸಿನವರು ಅನ್ನುವುದನ್ನೂ ಮರೆತು ಕೂಗಿದೆ:

"ನನ್ನ ತಮ್ಮನ ಮಿದುಳಿಗೂ ಪೌಡರ್ ಹಚ್ಚಿದ್ರೇನ್ರಿ? ಅವನ್ನೂ ಹೆಣ್ಣು ನೋಡಾಕ ಕಳಸವ್ರಿದ್ರೇನು?"

ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರು ಹೆರಿಗೆ ಕೋಣೆಯಲ್ಲಿದ್ದಾರೆ ಎಂದು ಯಾರೋ ಹೇಳಿದರು. ಕಾಕಾ ತಾವೇ ಹೋಗಿ ಆ ಕೋಣೆಯ ಬಾಗಿಲು ಬಡಿದರು. ಹೊರಗಿನ ಗಂಡಸರು ಹೋಗದ ಜಾಗ ಅದು. ನರ್ಸು ಬೈದಳು, ಅವರು ಬಡಿಯುವುದು ಬಿಡಲಿಲ್ಲ. ಡಾಕ್ಟರು ಕೆಂಪಗಾಗಿ ಹೊರಗೆ ಬಂದರು.

"ಸಾಹೇಬ್ರ, ಆಮ್ಯಾಲ ನನ್ನ ಹೊಡೀರಿ ಬೇಕಾದ್ರ. ಮೊದ್ಲ ಫೋನ್ ನೋಡ್ರಿ. ಇಕಿ ನಂಬರಿಗೆ ಬ್ಯಾರೆ ಕಳಿಸೇನಿ, ಏನೂ ಮುಟ್ಟದ, ಹೆಂಗಿತ್ತೋ ಹಂಗ. ನೀವು ದೊಡ್ಡ ಡಾಕ್ಟರಿಗೆ ಕಳಿಸಿದ್ದು ಖರೇ ಚಿತ್ರ ಅಲ್ಲ. ಅದನ್ನ ನಾ ಕೆಡಿಸೇನಿ."

ನಿಜವೇ. ನಾನು ಅವ್ವನೊಂದಿಗೆ ಮಾತಾಡುತ್ತಿದ್ದಾಗ ಫೋನಿಗೆ ಹೊಸ ಚಿತ್ರಗಳು ಬಂದಿದ್ದವು, ನಾನು ನೋಡಿರಲಿಲ್ಲ. ಅವಸರಕ್ಕೆ ಫೋನಿನ ಪಾಸ್‌ವರ್ಡೇ ಬೀಳಲೊಲ್ಲದು. ಕಾಕಾ ಫೋನು ಕಸಿದುಕೊಂಡು "ಹೇಳವ್ವಾ, ನಾ ಒತ್ತತೇನಿ" ಅಂದರು. ಚಿತ್ರಗಳು ವಿಜಯಪುರಕ್ಕೆ ಹೋದವು. ಎಲ್ಲರೂ ಡಾಕ್ಟರ ಕೈಯಲ್ಲಿನ ಫೋನನ್ನೇ ನೋಡುತ್ತ ನಿಂತೆವು. ಅದು ರಿಂಗಾಯಿತು. ಡಾಕ್ಟರು ಕಿವಿಗಿಟ್ಟುಕೊಂಡು "ಹಾಂ ಸರ್... ಹಾಂ ಸರ್" ಅಂದರು, ಫೋನು ಇನ್ನೂ ಕಿವಿಯಲ್ಲಿರುವಾಗಲೇ ಇನ್ನೊಂದು ಕೈಯಿಂದ ನರ್ಸಿಗೆ ಸನ್ನೆ ಮಾಡಿದರು. ಆಂಬುಲೆನ್ಸ್.

ತಮ್ಮನನ್ನು ಎಬ್ಬಿಸಲು ಹೋದೆ. ಎರಡು ಸಲ ಹೆಸರು ಹಿಡಿದು ಅಲುಗಿಸಿದ ಮೇಲೆ "ಅಕ್ಕಾ" ಅಂದ. ಅಷ್ಟೇ ಅಂದ.

ಆಂಬುಲೆನ್ಸಿನಲ್ಲಿ ಕಾಕಾನೂ ಹತ್ತಿದರು. ಅಂಗಡಿ ತೆರೆದೇ ಬಂದಿದ್ದೀರಲ್ಲ ಎಂದು ಯಾರೋ ಕೂಗಿದರು, ಅವರಿಗೆ ಕೇಳಿಸಿತೋ ಇಲ್ಲವೋ. ಡ್ರೈವರನ ಪಕ್ಕ ಕೂತು ಸಿಡಿಯನ್ನು ಎದೆಗೆ ಒತ್ತಿ ಹಿಡಿದಿದ್ದರು. ಬಸವನ ಬಾಗೇವಾಡಿ ಹತ್ತಿರ ಬರುವಾಗ ತಮ್ಮನ ಒಂದು ಕಣ್ಣಿನ ಪಾಪೆ ದೊಡ್ಡದಾಗಿದೆ ಎಂದು ಜೊತೆಗಿದ್ದ ನರ್ಸು ಹೇಳಿದಳು. ಕರೆದರೂ ಓಗೊಡಲಿಲ್ಲ. ನಾನು ಅವನ ಪಾದ ಹಿಡಿದು ಬಸವಣ್ಣನನ್ನು ಕೂಗಿಕೊಂಡೆ. ಮುಂದಿನ ಸೀಟಿನಿಂದ ಕಾಕಾನ ಧ್ವನಿ ಕೇಳುತ್ತಿತ್ತು. ನನಗಲ್ಲ, ಡ್ರೈವರನಿಗೂ ಅಲ್ಲ, ತಮ್ಮಷ್ಟಕ್ಕೆ ತಾವೇ ಅನ್ನುತ್ತಿದ್ದರು:

"ಅಂಗಿ ಬದಲ ಮಾಡೋ ಅಂದ್ರ ಚರ್ಮಾನ ಸುಲದ್ನಲ್ಲೋ ಯಪ್ಪಾ... ಚರ್ಮಾನ ಸುಲದೆ."

ವಿಜಯಪುರದಲ್ಲಿ ಬಾಗಿಲಲ್ಲೇ ಕಾಯುತ್ತಿದ್ದರು, ನೇರ ಆಪರೇಷನ್ ಕೋಣೆಗೆ ಒಯ್ದರು. ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಕಟ್ಟಿತ್ತಂತೆ. ಸಂಜೆಯ ವರದಿಗೆ ಕಾದಿದ್ದರೆ ಎಂದು ನಾನು ಕೇಳಿದೆ. ಹೊರಗೆ ಬಂದ ಸರ್ಜನ್ ನನ್ನ ಮುಖ ನೋಡಿ, "ಕಾದಿಲ್ಲವಲ್ಲ ತಾಯಿ, ಆ ಮಾತು ಬಿಡಿ" ಅಂದರು. ಕಾಕಾ ಗೋಡೆಗೆ ಒರಗಿ ನಿಂತೇ ಇದ್ದರು, ಇಡೀ ಹೊತ್ತು ಕೂತಿರಲಿಲ್ಲ. ಬದುಕಿದ ಎಂದು ಹೇಳಿದಾಗ ಅಲ್ಲೇ ನೆಲಕ್ಕೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಒಂದು ಕಾಲಿಗೆ ಆಗಲೂ ಚಪ್ಪಲಿ ಇರಲಿಲ್ಲ.

ಅವರ ಮೇಲೆ ನನಗೆ ಸಿಟ್ಟಿದೆಯೋ, ಋಣವಿದೆಯೋ? ಎಷ್ಟೋ ದಿನ ತಿಳಿಯಲಿಲ್ಲ. ತಮ್ಮನನ್ನು ಸಾವಿನ ಬಾಗಿಲಿಗೆ ನೂಕಿದ್ದೂ ಅದೇ ಬೆರಳು, ಹಿಡಿದೆಳೆದದ್ದೂ ಅದೇ ಬೆರಳು. ಆದರೆ ಒಂದು ಮಾತು ನನಗೆ ಚೆನ್ನಾಗಿ ಗೊತ್ತು. ಅವರು ಸುಮ್ಮನಿದ್ದಿದ್ದರೆ ಸಂಜೆಯ ವರದಿ ಬರುವವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಬಂದ ಮೇಲೂ ತಪ್ಪು ಅವರದೆಂದು ಯಾರೂ ಅನ್ನುತ್ತಿರಲಿಲ್ಲ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಅವರೊಬ್ಬರೇ. ಅವನ್ನು ಮುಚ್ಚಿ, ಮುಂದಿನ ಗಿರಾಕಿಯನ್ನು ಕರೆಯಬಹುದಿತ್ತು. ಅದನ್ನು ಬಿಟ್ಟು ಸಂತೆಯ ನಡುವೆ ಓಡಿ ಬಂದು, ಊರಿನ ಮುಂದೆ "ನಾ ಕೆಡಿಸೇನಿ" ಎಂದು ಕೂಗಿಕೊಂಡರು. ದೊಡ್ಡ ದೊಡ್ಡವರು ಸಣ್ಣ ತಪ್ಪನ್ನೂ ಬಾಯಿಬಿಟ್ಟು ಒಪ್ಪುವುದಿಲ್ಲ, ನಾನು ಕಲಿಸುವ ಸಾಲೆಯಲ್ಲೇ ದಿನಾ ನೋಡುತ್ತೇನೆ.

ತಮ್ಮ ಮನೆಗೆ ಬಂದ ದಿನ ಕಾಕಾ ಒಂದು ಬುಟ್ಟಿ ಮೋಸಂಬಿ ಹಿಡಿದುಕೊಂಡು ಬಂದರು. ಬೋಳುತಲೆಯ ತಮ್ಮನ ಪಕ್ಕ ಕೂತರು. ಹೊಲಿಗೆಯ ಗುರುತನ್ನು ನೋಡಿ ಕಣ್ಣು ತುಂಬಿಕೊಂಡಾಗ ಅವನೇ ಚೇಷ್ಟೆ ಮಾಡಿದ: "ಇದನ್ನೊಂದು ಅಳಿಸ್ಬ್ಯಾಡ್ರಿ ಮತ್ತ, ಕಾಕಾ." ಇಬ್ಬರೂ ನಕ್ಕರು. ನಾನು ನನ್ನ ಫೋನಿನಲ್ಲಿ ಆ ನಗುವನ್ನು ಹಿಡಿದೆ. ಅದು ಯಾರೂ ಆಮೇಲೆ ಹಾಕಿದ ನಗುವಲ್ಲ.

ಅಂದಿನಿಂದ ಕಾಕಾ ಬೇರೆ ಮನುಷ್ಯರಾದರು. ಯಾರೇ ಬರಲಿ, ಮೊದಲು ಕೇಳುತ್ತಿದ್ದರು: "ಕಲಿ ತೆಗೀಲ್ಯೋ, ಇರ್ಲ್ಯೋ?" ತೆಗೆಯಿರಿ ಅಂದರೆ ಇನ್ನೊಮ್ಮೆ ಕೇಳುತ್ತಿದ್ದರು. ಕಾಲೇಜಿನ ಹುಡುಗಿಯರಿಗೆ ಇದೊಂದು ತಮಾಷೆ. ಕಾಕಾಗೆ ಅರಳುಮರಳು ಅಂದವರೂ ಉಂಟು. ಕೆಂಪು ಟಿಕಳಿಯ ಪಕ್ಕದ ಗುಂಡಿಯ ಮೇಲೆ ಒಂದು ಕರಿ ಟಿಕಳಿ ಬಂತು. "ಇದು ಬರೇ ಅಂಗೀ ಗುಂಡಿ. ಮೈ ಮುಟ್ಟೂದಿಲ್ಲ" ಎಂದು ನನಗೆ ತೋರಿಸಿದ್ದರು. ನಾನು ಒತ್ತಿ ನೋಡಿರಲಿಲ್ಲ.

ಮೊನ್ನೆ ಮಾಘದಲ್ಲಿ ಕಾಕಾ ಹೋದರು. ಬೆಳಗ್ಗೆ ಅಂಗಡಿಯ ಶಟರು ಎತ್ತಲು ಬಾಗಿದವರು ಏಳಲಿಲ್ಲವಂತೆ. ನಾನು ಇಂಡಿಯಿಂದ ಬಸ್ಸು ಬದಲಿಸುತ್ತ ಬಂದು ಮುಟ್ಟುವಷ್ಟರಲ್ಲಿ ಓಣಿಯ ತುದಿಗೆ ಶ್ರದ್ಧಾಂಜಲಿಯ ಬ್ಯಾನರು ಕಟ್ಟಿದ್ದರು. ಅದರಲ್ಲಿ ಬೆಣ್ಣೆಯಂಥ ಕೆನ್ನೆಯ, ಬೆಳ್ಳಗಿನ ಒಬ್ಬ ಗಂಡಸು. ಓಣಿಯ ಹುಡುಗರು ಪ್ರೀತಿಯಿಂದಲೇ ಫೋನಿನಲ್ಲಿ ಚಂದ ಮಾಡಿ ಕೊಟ್ಟಿದ್ದರು. ಹೂವು ಹಾಕಲು ಇಟ್ಟ ಫೋಟೋವೂ ಅದೇ. ಕಾಕು ಅದರ ಮುಂದೆ ಕಣ್ಣೀರಿಲ್ಲದೆ ಕೂತಿದ್ದರು. ನನ್ನ ಕೈ ಹಿಡಿದು ಮೆಲ್ಲಗೆ ಅಂದರು:

"ಯಾರವ್ವಾ ಇವ್ರು? ಎಷ್ಟು ನೋಡಿದ್ರೂ ನನಗ ಗುರ್ತ ಹತ್ತವಲ್ದು. ಇವ್ರ ಮುಂದ ಹೆಂಗ ಅಳ್ಲಿ?"

ಮಣ್ಣು ಮುಗಿದ ಮೇಲೆ ಕಾಕುವಿಗೆ ಉಳಿಯುವುದು ಈ ಫೋಟೋ ಒಂದೇ. ಕಾಕಾನನ್ನು ಮಣ್ಣಿಗಿಡುವ ಮೊದಲು ಅವರ ಮುಖ ಈ ಮನೆಗೆ ಬರಲೇಬೇಕು ಅನ್ನಿಸಿತು. ನನ್ನ ಫೋನಿನಲ್ಲಿ ತಮ್ಮನ ಪಕ್ಕ ನಗುತ್ತ ಕೂತ ಆ ಫೋಟೋ ಇತ್ತು. ತಮ್ಮನನ್ನು ಕರೆದುಕೊಂಡು ಪ್ರಿಂಟಿನ ಅಂಗಡಿಗೆ ಓಡಿದೆ. ಅಲ್ಲಿದ್ದವನು ನೋಡಿ ತಲೆಯಾಡಿಸಿದ. "ಈ ನಮೂನಿ ನಮ್ಮ ಮಷಿನ್ ತಗೊಳ್ಳೂದಿಲ್ರಿ ಮೇಡಂ. ಜೆಪಿಜಿ ಮಾಡಿಸ್ಕೊಂಡು ಬರ್ರಿ." ಎಲ್ಲಿ ಮಾಡಿಸಲಿ? ಮಾಡಿಕೊಡುವವರನ್ನು ಮಣ್ಣಿಗಿಡಲು ಅಣಿಮಾಡಿ ಮನೆಯಲ್ಲಿ ಹೂವಿನ ನಡುವೆ ಕೂರಿಸಿದ್ದರು. ಅತ್ತ ಹೊತ್ತು ಇಳಿಯುತ್ತಿತ್ತು, ಹಿರಿಯರು ಹೊರಡಲು ಅವಸರ ಮಾಡುತ್ತಿದ್ದರು.

ಕಾಕುವನ್ನು ಕೇಳಿದೆ. ಅವರು ಎದ್ದು ಬಂದು ತಾವೇ ಶಟರು ತೆಗೆಸಿದರು. ಹಳೆಯ ಕಂಪ್ಯೂಟರು ಗುರ್ರೆಂದು ಎದ್ದಿತು. ಫೋಟೋ ಪರದೆಯ ಮೇಲೆ ಬಂತು. ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಕಾಕುವಿನ ಹಣೆಯ ಮೇಲೆ ಅಂದು ವಿಭೂತಿ ಮಾತ್ರ ಇತ್ತು, ಕೀಬೋರ್ಡಿನ ಮೇಲೆ ಅವರ ಎರಡೂ ಟಿಕಳಿ ಹಾಗೇ ಇದ್ದವು. ತಮ್ಮ ನನ್ನ ಭುಜ ಹಿಡಿದು ಪರದೆಯತ್ತ ಬಾಗಿದ್ದ. ನಾನು ಕರಿಯದನ್ನು ಒತ್ತಿದೆ.

ಕಾಕಾನ ಮುಖವಷ್ಟೇ ಬರುವಂತೆ ಪ್ರಿಂಟು ಹಾಕಿಸಿ, ಮೊದಲಿನ ಫ್ರೇಮನ್ನೇ ಬಿಚ್ಚಿ, ಆ ಬೆಣ್ಣೆಗೆನ್ನೆಯವನನ್ನು ತೆಗೆದು ಇದನ್ನು ಕೂರಿಸಿದೆವು. ಎಲ್ಲ ಕುಳಿಗಳೂ ಇದ್ದವು. ಮೂಗಿನ ತುದಿಯದೂ ಇತ್ತು, ಅದರಲ್ಲೊಂದು ಹನಿಯೂ ಇತ್ತು. ತಮ್ಮ ಫ್ರೇಮನ್ನು ತಂದು ಕಾಕುವಿನ ಮುಂದಿಟ್ಟ. ಅವರು ಗಾಜಿನ ಮೇಲೆ ಬೆರಳಿಟ್ಟು ಹಣೆಯಿಂದ ಗದ್ದದವರೆಗೆ ಸವರಿದರು.

"ಹಾಂ, ಈಗ ಬಂದ್ರು ನೋಡು" ಎಂದು ದನಿ ತೆಗೆದು ಅಳತೊಡಗಿದರು.